ಪಹಣಿ ಓದಿದ್ದಾಯ್ತು, ನಕ್ಷೆ ನೋಡಿದ್ರಾ?

ಕುಷ್ಟಗಿ ತಾಲೂಕಿನಲ್ಲಿ ನಮ್ಮ ಸೋದರಮಾವ ಹೊಲ ಕೊಂಡಾಗ ಪಹಣಿಯಲ್ಲಿ, ಅಂದ್ರೆ ಜಮೀನಿನ ಸರ್ಕಾರಿ ದಾಖಲೆಯಲ್ಲಿ, 6 ಎಕರೆ 12 ಗುಂಟೆ ಇತ್ತು. ಅಷ್ಟಕ್ಕೂ ದುಡ್ಡು ಎಣಿಸಿ ಕೊಟ್ಟರು. ಎರಡು ವರ್ಷದ ಮೇಲೆ ಅಳತೆ ಮಾಡಿಸಿದರೆ ಅದರಲ್ಲಿ 34 ಗುಂಟೆ ಹಳ್ಳ. ಬಿ ಖರಾಬು, ಅಂದ್ರೆ ಸರ್ಕಾರದ್ದು. ಕೈಗೆ ಉಳಿದದ್ದು 5 ಎಕರೆ 18 ಗುಂಟೆ. ಪಹಣಿಯ ಮೂರನೇ ಕಾಲಂನಲ್ಲಿ ಇದು ಮೊದಲಿನಿಂದಲೂ ಬರೆದೇ ಇತ್ತು. ನಾವ್ಯಾರೂ ಓದಿರಲಿಲ್ಲ. ಆಮೇಲೆ ಎಷ್ಟೋ ಮಂದಿ ಇದೇ ತಪ್ಪು ಮಾಡಿದ್ದನ್ನು ನೋಡಿದ್ದೇನೆ.

ಹೊಲ ಕೊಳ್ಳುವ ಮುನ್ನ ಏನೇನು ನೋಡಬೇಕು ಅಂತ ಹೇಳ್ತೇನೆ. ಮೊದಲು ಪಹಣಿ. ಸರ್ಕಾರದ ಭೂಮಿ ಜಾಲತಾಣದಲ್ಲಿ ಸಿಗುತ್ತದೆ. ನಾಲ್ಕು ಕಾಲಂ ಮಾತ್ರ ನಿಧಾನವಾಗಿ ಓದಿ. ಮೂರರಲ್ಲಿ ವಿಸ್ತೀರ್ಣ ಮತ್ತು ಖರಾಬು, ಒಂಬತ್ತರಲ್ಲಿ ಹೆಸರು, ಹತ್ತರಲ್ಲಿ ಜಮೀನು ಹೇಗೆ ಬಂತು ಅನ್ನೋದು, ಹನ್ನೊಂದರಲ್ಲಿ ಸಾಲ ಮತ್ತು ಇತರೆ ಹಕ್ಕು. ಎ ಖರಾಬು ಹೊಲದವರದೇ, ಆದರೆ ಸಾಗುವಳಿಗೆ ಬಾರದ ನೆಲ. ಬಿ ಖರಾಬು ದಾರಿ, ಹಳ್ಳ, ಸ್ಮಶಾನದಂಥದ್ದು. ಅದಕ್ಕೆ ಒಂದು ಪೈಸೆಯೂ ಕೊಡಬೇಡಿ. ಸರ್ವೆ ನಂಬರಿನ ಮುಂದೆ ‘ಪೈಕಿ’ ಅಂತಿದ್ದರೆ ಪೋಡಿ, ಅಂದ್ರೆ ಅಳತೆ ಮಾಡಿ ಪಾಲು ಬೇರ್ಪಡಿಸುವ ಕೆಲಸ, ಆಗಿಲ್ಲ ಎಂದರ್ಥ. ಯಾರ ಪಾಲು ಎಲ್ಲಿ ಅನ್ನೋದು ಕಾಗದದಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಎರಡನೆಯದು ಕೈ ಬದಲಾದ ಕಥೆ. ಮುಟೇಷನ್ (ಹಕ್ಕು ಬದಲಾವಣೆ) ಪ್ರತಿ ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ, ಅಂದ್ರೆ ಋಣಭಾರ ಪತ್ರ ತೆಗೆಸಿ. ಕಂಪ್ಯೂಟರಿಗೂ ಮುಂಚಿನ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. 13 ವರ್ಷದ ಇಸಿ ಸಾಕು ಅಂತಾರೆ. ಸಾಲದು, 30 ವರ್ಷದ್ದು ತೆಗೆಸಿ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಇಸಿಯಲ್ಲಿ ಬರುವುದೇ ಇಲ್ಲ, ಅದನ್ನು ಊರಲ್ಲೇ ಕೇಳಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ.

ಮೂರನೆಯದು ನಕ್ಷೆ. ಎಲ್ಲರೂ ಎಡವೋದು ಇಲ್ಲೇ.

ಗ್ರಾಮ ನಕ್ಷೆ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಹಳ್ಳ, ಬಂಡಿದಾರಿ, ಅಕ್ಕಪಕ್ಕದ ಸರ್ವೆ ನಂಬರು ನೋಡೋಕೆ ಅದು ಬೇಕು. ಆದರೆ ಅದರಲ್ಲಿ ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ಇರುವುದಿಲ್ಲ, ಅಳತೆಯೂ ಇರುವುದಿಲ್ಲ. ಅಳತೆ ಇರೋದು ಟಿಪ್ಪಣಿಯಲ್ಲಿ, ಅಂದ್ರೆ ಸರ್ವೆಯವರು ಹೊಲ ಅಳೆದು ಬರೆದ ನಕ್ಷೆಯಲ್ಲಿ. ಅದರ ಜೊತೆಗೆ ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯದ ದಾಖಲೆ) ತೆಗೆಸಿ. ಎರಡಕ್ಕೂ ತಾಲೂಕಿನ ಸರ್ವೆ ಕಚೇರಿಯಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ಕೇಳಿ. ಜೆರಾಕ್ಸ್ ಬೇಡ.

ಟಿಪ್ಪಣಿ ಕೈಗೆ ಬಂದಾಗ ಹೆದರಬೇಡಿ. ಹೊಲದ ನಡುವೆ ಒಂದು ಗೆರೆ, ಅದರಿಂದ ಎರಡೂ ಕಡೆಗೆ ಸಣ್ಣ ಗೆರೆಗಳು, ಪಕ್ಕದಲ್ಲಿ ಅಂಕಿಗಳು. ಹಳೆ ಟಿಪ್ಪಣಿಯ ಅಂಕಿ ಅಡಿಯಲ್ಲ, ಚೈನು ಮತ್ತು ಆಣೆ. ಒಂದು ಚೈನು ಅಂದ್ರೆ 33 ಅಡಿ, ಚೈನಿಗೆ 16 ಆಣೆ. 12-8 ಅಂತಿದ್ದರೆ ಹನ್ನೆರಡೂವರೆ ಚೈನು, ಅಂದ್ರೆ 412 ಅಡಿ 6 ಇಂಚು. ಒಂದು ಚೈನು ಉದ್ದ, ಒಂದು ಚೈನು ಅಗಲದ ಜಾಗವೇ ಒಂದು ಗುಂಟೆ. ಇಷ್ಟು ಗೊತ್ತಿದ್ದರೆ ಟೇಪು ಹಿಡಿದು ಒಂದು ಬದುವನ್ನಾದರೂ ನೀವೇ ತಾಳೆ ನೋಡಬಹುದು.

ಬಳ್ಳಾರಿ ಕಡೆಯವರಿಗೆ ಇನ್ನೊಂದು ಮಾತು. 1953ರವರೆಗೆ ಬಳ್ಳಾರಿ ಮದ್ರಾಸಿನಲ್ಲಿತ್ತು, ಅಲ್ಲಿಯ ಲೆಕ್ಕ ಸೆಂಟ್ಸ್. ಎಕರೆಗೆ 100 ಸೆಂಟ್ಸ್, 40 ಗುಂಟೆ. ಕಾಗದದಲ್ಲಿ 3-25 ಅಂತ ಬರೆದಿದ್ದರೆ ಅದು ಗುಂಟೆಯೋ ಸೆಂಟ್ಸೋ ಕೇಳಿ. 25 ಸೆಂಟ್ಸ್ ಅಂದ್ರೆ ಹತ್ತೇ ಗುಂಟೆ. ಓದುವುದರಲ್ಲಿ ತಪ್ಪಿದರೆ 15 ಗುಂಟೆ ಹೋಯಿತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಳೆ ಕಾಗದ ಉರ್ದುವಿನಲ್ಲಿ ಸಿಕ್ಕರೆ ಗಾಬರಿ ಬೇಡ. ಓದಬಲ್ಲ ಹಿರಿಯರಿಂದ ಓದಿಸಿ, ಆದರೆ ಅನುವಾದ ಬರೆಸಿಕೊಂಡೇ ಬನ್ನಿ.

ಈಗ ಪಹಣಿ, ಆಕಾರ್‌ಬಂದ್, ಟಿಪ್ಪಣಿ ಮೂರನ್ನೂ ಪಕ್ಕಪಕ್ಕ ಇಡಿ. ವಿಸ್ತೀರ್ಣ ಮೂರರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಮುಂಗಡ ಕೊಡಬೇಡಿ, ಮೊದಲು ತಿದ್ದುಪಡಿ ಆಗಲಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಅಂದ್ರೆ ಮಾರುವ ಭಾಗವನ್ನು ಅಳೆದು ತೋರಿಸಿದ ಸರ್ವೆ ನಕ್ಷೆ, ಬೇಕೇ ಬೇಕು.

ಸರ್ಕಾರದ ದಿಶಾಂಕ್ ಆಪ್ ಒಳ್ಳೆಯದು. ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರು ಅಂತ ತೋರಿಸುತ್ತದೆ. ಆದರೆ ಅದನ್ನು ನಂಬಿ ಬದು ಹಾಕಬೇಡಿ, ಗೆರೆ ಆಚೀಚೆ ಸರಿದಿರುತ್ತದೆ. ಉಪಗ್ರಹ ಚಿತ್ರದ ಮೇಲೆ ಬಣ್ಣದ ಗೆರೆ ಎಳೆದು ಲ್ಯಾಮಿನೇಷನ್ ಮಾಡಿ ‘ಜಮೀನಿನ ನಕ್ಷೆ’ ಅಂತ ಮಾರುತ್ತಾರಲ್ಲ, ಅದಕ್ಕೆ ಬೆಲೆಯೇ ಇಲ್ಲ. ಸುಮ್ನೆ ದುಡ್ಡು ಹಾಳು.

ನಾಲ್ಕನೆಯದು ನೆಲದ ಕೆಳಗಿನ ಮಾತು. ಸಂಡೂರಲ್ಲಿ ಕಬ್ಬಿಣದ ಅದಿರು, ಹಟ್ಟಿಯಲ್ಲಿ ಚಿನ್ನ, ಕುಷ್ಟಗಿಯಲ್ಲಿ ಗ್ರಾನೈಟ್. ಹಾಗಾಗಿ ನಮ್ಮ ಕಡೆ ದಲ್ಲಾಳಿಗಳು ‘ಗಣಿ ಹಕ್ಕು ಸಮೇತ’ ಅಂತ ಹೇಳಿ ಎಕರೆಗೆ ಜಾಸ್ತಿ ಕೇಳುತ್ತಾರೆ. ಕ್ರಯಪತ್ರ ತೋರಿಸಿ, ‘ನಿಧಿ, ನಿಕ್ಷೇಪ, ಜಲ, ತರು, ಪಾಷಾಣ’ ಅಂತ ಬರೆದಿದೆ ನೋಡಿ ಅಂತಾರೆ. ಅದು ಕ್ರಯಪತ್ರಗಳಲ್ಲಿ ಹಿಂದಿನಿಂದ ನಡೆದುಬಂದ ಅಷ್ಟಭೋಗದ, ಅಂದ್ರೆ ಎಂಟು ಬಗೆಯ ಅನುಭೋಗದ ಸಾಲು. ಆ ಸಾಲಿನಿಂದ ಖನಿಜ ಯಾರದೂ ಆಗುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ಖನಿಜದ ಹಕ್ಕು ಸರ್ಕಾರದ್ದು. ಮಾರುವವರ ಕೈಯಲ್ಲಿ ಇಲ್ಲದ್ದನ್ನು ನೀವು ಕೊಳ್ಳುವುದಾದರೂ ಹೇಗೆ?

ಅದಿರು, ಚಿನ್ನದಂಥವಕ್ಕೆ 1957ರ ಕೇಂದ್ರ ಕಾಯ್ದೆ ಇದೆ, 2015ರ ತಿದ್ದುಪಡಿಯ ನಂತರ ಗುತ್ತಿಗೆ ಹರಾಜಿನಲ್ಲಿ ಹೋಗುತ್ತದೆ. ಕಟ್ಟಡದ ಕಲ್ಲು, ಗ್ರಾನೈಟ್, ಮರಳು ಉಪಖನಿಜ. ಅವಕ್ಕೆ ರಾಜ್ಯದ 1994ರ ನಿಯಮಗಳು. ಸ್ವಂತ ಹೊಲದ ಬಂಡೆಯಾದರೂ ಅನುಮತಿ ಇಲ್ಲದೆ ಒಡೆದು ಮಾರುವಂತಿಲ್ಲ. ಗಣಿ ಗುತ್ತಿಗೆ ಬೇರೆಯವರಿಗೆ ಹೋದರೆ ಮೇಲಿನ ನೆಲದವರಿಗೆ ಪರಿಹಾರ ಸಿಗಬೇಕು. ನಿಮ್ಮ ಹಕ್ಕು ಅದು, ಬಿಡಬೇಡಿ.

ಕೊಳ್ಳುವ ಮುನ್ನ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಗೆ ಸರ್ವೆ ನಂಬರು ಬರೆದು ಅರ್ಜಿ ಕೊಡಿ. ಅದರ ಮೇಲೆ ಗುತ್ತಿಗೆ ಇದೆಯೇ, ಅರ್ಜಿ ಬಾಕಿ ಇದೆಯೇ ಅಂತ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರಣ್ಯದ ಗಡಿ ಹತ್ತಿರವಿದ್ದರೆ ಅರಣ್ಯ ಇಲಾಖೆಯಲ್ಲೂ ವಿಚಾರಿಸಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದ ನಕ್ಷೆಯಲ್ಲಿ ಯಾವ ಕಲ್ಲು ಎಲ್ಲಿದೆ ಅಂತ ಕಾಣುತ್ತದೆ, ಅಷ್ಟೇ. ಹಕ್ಕು ಯಾರದ್ದು ಅಂತ ಅದು ಹೇಳುವುದಿಲ್ಲ.

ಕೊನೆಗೆ ಹದ್ದುಬಸ್ತು, ಅಂದ್ರೆ ಸರ್ವೆಯರ್ ಬಂದು ಗಡಿ ಅಳೆದು ಗುರುತಿಸುವುದು. ಮಾರುವವರಿಂದಲೇ ಅರ್ಜಿ ಹಾಕಿಸಿ. ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ. ಅಳತೆಯ ದಿನ ನೀವೇ ಹೋಗಿ, ಮಗನನ್ನೋ ಮೈದುನನನ್ನೋ ಕಳಿಸಬೇಡಿ. ಸರ್ವೆಯರ್ ಜೊತೆ ಬದುವಿನ ಮೇಲೆ ಪೂರ್ತಿ ಒಂದು ಸುತ್ತು ನಡೆಯಿರಿ. ಗಡಿಯ ಬಾಂದುಕಲ್ಲು ಮುಳ್ಳುಕಂಟಿಯಲ್ಲಿ ಮುಚ್ಚಿರುತ್ತದೆ, ಕುಡಗೋಲು ಒಯ್ಯಿರಿ. ಪ್ರತಿ ಕಲ್ಲಿನ ಹತ್ತಿರ ನಿಂತು ಫೋಟೋ ತೆಗೆಯಿರಿ. ಕಲ್ಲು ಇಲ್ಲದ ಕಡೆ ಪಂಚನಾಮೆಯಲ್ಲಿ ‘ಕಲ್ಲು ಇಲ್ಲ’ ಅಂತಲೇ ಬರೆಸಿ. ಪಕ್ಕದ ಹೊಲದವರು ಸಹಿ ಹಾಕಿದ ಮೇಲೆಯೇ ನಿಮ್ಮ ಸಹಿ.