ಹಳೆಯ ಮನೆಗೆ ಪಾರಂಪರಿಕ ಮಾನ್ಯತೆ: ಅರ್ಜಿ ಹಾಕುವುದು ಹೇಗೆ?

ಮನೆ ಹಳೆಯದು ಅಂದಮಾತ್ರಕ್ಕೆ ಪಾರಂಪರಿಕ ಕಟ್ಟಡ ಎಂಬ ಮಾನ್ಯತೆ ಸಿಗುವುದಿಲ್ಲ. ಸಾಕ್ಷಿ ಒದಗಿಸಬೇಕು. ಅದಕ್ಕೂ ಮೊದಲು, ಆ ಮಾನ್ಯತೆ ನಮಗೆ ನಿಜಕ್ಕೂ ಬೇಕಾ ಎಂದು ಕೂತು ಯೋಚಿಸಬೇಕು.

ಮೊದಲ ಕೆಲಸ, ಯಾವ ಪಟ್ಟಿಗೆ ಸೇರಿಸುವುದು ಎಂದು ನೋಡುವುದು. ದೇಶಕ್ಕೊಂದು ಕಾನೂನು. ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಕಟ್ಟಡಕ್ಕೆ ಸಾಮಾನ್ಯವಾಗಿ 50 ವರ್ಷ ಆಗಿರಬೇಕು. ಖಾಸಗಿ ಮಾಲೀಕರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನಲ್ಲಿ ಉಲ್ಟಾ: ಯಾರು ಬೇಕಾದರೂ ಅರ್ಜಿ ಹಾಕಬಹುದು, ಮಾಲೀಕರ ಒಪ್ಪಿಗೆ ಬೇಕಿಲ್ಲ. ಒಮ್ಮೆ ಸೇರಿದರೆ ಒಳಗಿನ ಹಳೇ ಮೆಟ್ಟಿಲು ಕೀಳುವುದಕ್ಕೂ ಅನುಮತಿ ಬೇಕು. ಭಾರತದ 1958ರ ಸ್ಮಾರಕ ಕಾಯ್ದೆ ಕೇಳುವುದು ಕನಿಷ್ಠ 100 ವರ್ಷ. 2010ರ ತಿದ್ದುಪಡಿಯ ಪ್ರಕಾರ ಅಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಅಂದರೆ ಪಕ್ಕದ ಮನೆಯವರೂ ಸಿಕ್ಕಿಕೊಳ್ಳುತ್ತಾರೆ, ಅಲ್ವಾ? ವಾಸದ ಮನೆಗೆ ನಗರ ಯೋಜನೆಯಡಿ ಬರುವ ಪಟ್ಟಿ ಇದ್ದರೆ ಅದನ್ನೇ ಮೊದಲು ವಿಚಾರಿಸಿ.

ಆಮೇಲೆ ಸಾಕ್ಷಿ. ‘ಮುತ್ತಜ್ಜ ಕಟ್ಟಿಸಿದ್ದು’ ಅಂದರೆ ಸಾಲದು. ಕ್ರಯಪತ್ರ, ತೆರಿಗೆ ರಸೀದಿ, ಹಳೆಯ ನಕ್ಷೆ, ಮದುವೆ ಫೋಟೊದಲ್ಲಿ ಹಿಂದೆ ಕಾಣುವ ಮುಂಬಾಗಿಲು, ಎಲ್ಲ ಕೆಲಸಕ್ಕೆ ಬರುತ್ತವೆ. ಅಟ್ಟ ಹತ್ತಿ ತೊಲೆಗಳನ್ನೂ ನೋಡಿ. ಮರದ ಮೇಲೆ ಬಾಗಿದ ಗೀರುಗಳಿದ್ದರೆ ಅದು ದುಂಡು ಗರಗಸದ ಯಂತ್ರದಲ್ಲಿ ಸೀಳಿದ್ದು. ಗೀರು ನೇರವಾಗಿದ್ದು, ಒಂದೊಂದು ಒಂದೊಂದು ಅಂತರದಲ್ಲಿದ್ದರೆ ಕೈಯಲ್ಲಿ ಕೊಯ್ದದ್ದಿರಬಹುದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಆದರೆ ಬೇರೆ ಕಟ್ಟಡದ ಮರ ತಂದು ಹಾಕಿರಲೂಬಹುದು, ಇದೊಂದನ್ನೇ ನಂಬಬೇಡಿ.

ಅರ್ಜಿಯ ಜೀವ ಇರುವುದು ಕಟ್ಟಡದ ಮಹತ್ವ ಹೇಳುವ ಟಿಪ್ಪಣಿಯಲ್ಲಿ. ‘ಬಹಳ ಸುಂದರ’ ಎಂದು ಸುಮ್ನೆ ಬರೆದು ಪ್ರಯೋಜನವಿಲ್ಲ. ಯಾರು, ಯಾವಾಗ, ಯಾಕೆ ಕಟ್ಟಿಸಿದರು? ಇಂಥದ್ದು ಆ ಭಾಗದಲ್ಲಿ ಇನ್ನೆಷ್ಟು ಉಳಿದಿವೆ? ಆಮೇಲೆ ಸೇರಿಸಿದ ಕೋಣೆ, ಬದಲಾಯಿಸಿದ ಕಿಟಕಿಗಳನ್ನೂ ಮುಚ್ಚಿಡದೆ ಬರೆಯಿರಿ. ಪರಿಶೀಲನೆಗೆ ಬರುವವರಿಗೆ ಅದು ಹೇಗೂ ಕಾಣುತ್ತದೆ.

ಅರ್ಜಿ ಹಾಕಿದ ಖುಷಿಯಲ್ಲಿ ಮನೆಗೆ ಹೊಸ ಕಳೆ ಕೊಡಲು ಹೋಗಬೇಡಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಉದುರತೊಡಗುತ್ತದೆ. ಸೋರುವ ಸೂರನ್ನಷ್ಟೇ ಸರಿಮಾಡಿಸಿ.

ಜಂಟಿ ಮಾಲೀಕತ್ವ ಇದ್ದರೆ ಎಲ್ಲರನ್ನೂ ಮೊದಲೇ ಮಾತಾಡಿಸಿ. ಆಕ್ಷೇಪಣೆ ಸಲ್ಲಿಸುವ ಅವಧಿಯಲ್ಲಿ ಅಣ್ಣ-ತಮ್ಮಂದಿರ ತಕರಾರು ಎದ್ದರೆ ಕಡತ ಅಲ್ಲೇ ನಿಲ್ಲಬಹುದು. ಆದೇಶ ಕೈಸೇರಿದ ಮೇಲೆ ಪ್ರತಿಯನ್ನು ಕ್ರಯಪತ್ರದ ಜೊತೆಗೇ ಇಡಿ. ಮುಂದೆ ಮನೆ ಮಾರುವುದಾದರೆ ಕೊಳ್ಳುವವರಿಗೆ ಅದನ್ನು ಮೊದಲೇ ತೋರಿಸಬೇಕು.