ತೂಕ ಇಳಿಸಲು ಸೊಪ್ಪು: ನಾನು ಇಟ್ಟುಕೊಂಡಿರುವ ಲೆಕ್ಕ

ಸೊಪ್ಪಿಗೆ ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಇರುವ ಗುಣ ಒಂದೇ: ತಟ್ಟೆಯಲ್ಲೂ ಹೊಟ್ಟೆಯಲ್ಲೂ ಜಾಗ ಹಿಡಿಯುತ್ತದೆ, ಕ್ಯಾಲೊರಿ ಮಾತ್ರ ಅಷ್ಟಾಗಿ ತರುವುದಿಲ್ಲ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 91 ಗ್ರಾಂ ನೀರೇ, ಕ್ಯಾಲೊರಿ 23. ಹರಿವೆಯೂ ಹೆಚ್ಚುಕಡಿಮೆ ಅಷ್ಟೇ. ಕೆಸುವಿನ ಎಲೆಯಲ್ಲಿ 40ರ ಆಸುಪಾಸು, ನುಗ್ಗೆಸೊಪ್ಪಿನಲ್ಲಿ 60ಕ್ಕಿಂತ ಸ್ವಲ್ಪ ಜಾಸ್ತಿ. ಅದೇ 100 ಗ್ರಾಂ ಅಕ್ಕಿಯಲ್ಲಿ 350 ದಾಟುತ್ತದೆ. ಕಬ್ಬಿಣ, ಫೋಲೇಟ್, ಎ ಮತ್ತು ಕೆ ಜೀವಸತ್ವಗಳ ವಿಷಯಕ್ಕೆ ಬಂದರೆ ಸೊಪ್ಪಿಗೆ ಸೂಪರ್‌ಫುಡ್ ಅನ್ನುವ ಬಿರುದು ಧಾರಾಳವಾಗಿ ಕೊಡಬಹುದು. ತೂಕದ ವಿಷಯಕ್ಕೆ ಬಂದರೆ, ಅದರ ಜೊತೆ ಬಾಣಲೆಗೆ ಏನು ಬಿತ್ತು, ತಟ್ಟೆಯಿಂದ ಏನು ಹೊರಗೆ ಹೋಯಿತು ಅನ್ನುವುದನ್ನು ನೋಡದೆ ಏನೂ ಹೇಳಲಾಗದು.

ಬಾಣಲೆಯ ಲೆಕ್ಕ ಮೊದಲು. ಮೂರು ಜನಕ್ಕೆ ಪಲ್ಯ ಅಂದರೆ ಬಲಿತ ದಂಟು, ಬೇರು, ಹಳದಿ ಎಲೆ ತೆಗೆದ ಮೇಲೆ 400 ಗ್ರಾಂ ಹರಿವೆ ಬೇಕು. ಅದರ ಕ್ಯಾಲೊರಿ 92. ನಮ್ಮ ಕೊಡಗಿನ ಕಡೆಯ ಸಾಮಾನ್ಯ ಕೈಯಲ್ಲಿ ಒಗ್ಗರಣೆಗೆ ಮೂರು ದೊಡ್ಡ ಚಮಚ ಎಣ್ಣೆ ಬೀಳುತ್ತದೆ, ಅದು 360ರಿಂದ 370. ಮೇಲೆ ಧಾರಾಳವಾಗಿ ಉದುರಿಸಿದ ತೆಂಗಿನತುರಿ 100 ಗ್ರಾಂ ಇದ್ದರೆ ಇನ್ನೊಂದು 350. ಒಟ್ಟು 800 ದಾಟಿತು, ಒಬ್ಬರ ಪಾಲಿಗೆ 270. ಹೆಸರಿಗೆ ಸೊಪ್ಪಿನ ಪಲ್ಯ, ತಿಂದದ್ದು ಎಣ್ಣೆ ಮತ್ತು ಕಾಯಿ. ಅದೇ ಪಲ್ಯಕ್ಕೆ ಎರಡು ಟೀ ಚಮಚ ಎಣ್ಣೆ, 20 ಗ್ರಾಂ ತುರಿ ಹಾಕಿದರೆ ಒಟ್ಟು 240, ಒಬ್ಬರಿಗೆ 80. ತೆಂಗಿನಕಾಯಿ ಕೆಟ್ಟದ್ದು ಅಂತಲ್ಲ. ಅಳೆಯದೆ ಹಾಕುವುದು ತೊಂದರೆ. ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯುವ ಕೈಗೆ ಎರಡು ಚಮಚದ ಅಂದಾಜು ಯಾವತ್ತೂ ಸಿಗುವುದಿಲ್ಲ.

ಕಡಿಮೆ ಎಣ್ಣೆಯಲ್ಲಿ ಸಪ್ಪೆಯಾಗದಂತೆ ಮಾಡಲು ನಾನು ಪಾಲಿಸುವ ಕ್ರಮ ಇದು. 60 ಗ್ರಾಂ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಕಾಳು ಕಾಳಾಗಿ ಇರುವಂತೆ ಮುಕ್ಕಾಲು ಬೇಯಿಸಿ ಬಸಿದಿಡುವುದು. ಸೊಪ್ಪನ್ನು ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಎತ್ತುವುದು. ನೀರು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಕೂರುತ್ತದೆ. ಎಳೆ ದಂಟನ್ನು ಬೇರೆ ಹೆಚ್ಚಿಕೊಳ್ಳುವುದು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜಜ್ಜಿದ ಆರೇಳು ಎಸಳು ಬೆಳ್ಳುಳ್ಳಿ, ಎರಡು ಗಾಂಧಾರಿ ಮೆಣಸು, ಒಂದು ಈರುಳ್ಳಿ. ಈರುಳ್ಳಿ ತಳ ಹಿಡಿದರೆ ಎಣ್ಣೆ ಸುರಿಯಬೇಡಿ, ಒಂದು ಚಮಚ ನೀರು ಚಿಮುಕಿಸಿ. ದಂಟು ಹಾಕಿ ಮೂರ್ನಾಲ್ಕು ನಿಮಿಷ, ಆಮೇಲೆ ಎಲೆಯನ್ನು ಹಿಡಿ ಹಿಡಿಯಾಗಿ ಹಾಕಿ ಮುಚ್ಚಳವಿಲ್ಲದೆ ಐದು ನಿಮಿಷ. ಬೇಳೆ ಸೇರಿಸಿ, ನೀರು ಆರಿದ ಮೇಲೆ ಉಪ್ಪು, ಒಲೆ ಆರಿಸಿ ತುರಿ. ಉಪ್ಪನ್ನು ಮೊದಲೇ, ಹಸಿ ರಾಶಿ ನೋಡಿ ಹಾಕಿದರೆ ಕೆಟ್ಟಿತು: ಬಾಣಲೆ ತುಂಬಿದ ಸೊಪ್ಪು ಬೆಂದಾಗ ಎರಡು ಹಿಡಿಯಷ್ಟಾಗಿ ಉಪ್ಪುಪ್ಪಾಗುತ್ತದೆ, ಅದನ್ನು ಸರಿಮಾಡಲು ಮತ್ತೆ ಕಾಯಿ ಬೀಳುತ್ತದೆ.

ಬೇಳೆಯಿಂದ ಒಬ್ಬರ ಪಾಲಿಗೆ ಇನ್ನೊಂದು 70 ಕ್ಯಾಲೊರಿ ಸೇರಿ 80 ಇದ್ದದ್ದು 150 ಆಗುತ್ತದೆ, ಆದರೂ ಬೇಳೆ ಬಿಡುವಂತಿಲ್ಲ. ಬರೀ ಸೊಪ್ಪಿನಲ್ಲಿ ಪ್ರೋಟೀನ್ 100 ಗ್ರಾಂಗೆ ಎರಡೂವರೆ ಮೂರು ಗ್ರಾಂ ಅಷ್ಟೆ. ಅದನ್ನೇ ನಂಬಿ ಅನ್ನ ಕಡಿಮೆ ಮಾಡಿದವರಿಗೆ ಸಂಜೆ ನಾಲ್ಕಕ್ಕೆ ಹಸಿವು ಕೆರಳುತ್ತದೆ. ಆಗ ಕಾಫಿ ಜೊತೆ ಹೋಗುವ ಬಿಸ್ಕತ್ತು, ಚಿಪ್ಸು ಮಧ್ಯಾಹ್ನದ ಉಳಿತಾಯವನ್ನೆಲ್ಲ ತಿಂದುಹಾಕುತ್ತದೆ. ಬೇಳೆ ಇಷ್ಟವಿಲ್ಲದವರು ತಲೆಗೊಂದು ಮೊಟ್ಟೆ ಒಡೆದು ಪಲ್ಯಕ್ಕೆ ಕಲಸಿ.

ಇನ್ನು ತಟ್ಟೆ. ಪಲ್ಯವನ್ನು ಒಂದು ಬಟ್ಟಲು ಮೊದಲು ತಿಂದು, ಆಮೇಲೆ ಒಟ್ಟಿಗೋ (ನಮ್ಮ ಅಕ್ಕಿರೊಟ್ಟಿ) ಕಡಂಬುಟ್ಟಿಗೋ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಕೈ ಹಾಕುವುದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟಕ್ಕೆ ಮೊದಲು 300 ಗ್ರಾಂ ಹಗುರ ಸಲಾಡ್ ತಿಂದವರು ಒಟ್ಟು ಊಟದಲ್ಲಿ ಶೇ 12ರಷ್ಟು ಕಡಿಮೆ ಕ್ಯಾಲೊರಿ ತಿಂದರು. ಅಷ್ಟೇ ಸಲಾಡನ್ನು ಚೀಸು, ಜಿಡ್ಡಿನ ಡ್ರೆಸಿಂಗ್ ಹಾಕಿ ಕೊಟ್ಟಾಗ ಒಟ್ಟು ಕ್ಯಾಲೊರಿ ಏರಿತು. ನಮ್ಮ ಕಾಯಿತುರಿಗೂ ಇದೇ ಮಾತು.

30 ಗ್ರಾಂ ಅಕ್ಕಿಹಿಟ್ಟು, ಅಷ್ಟೇ ಅನ್ನ ಕಲಸಿ ತಟ್ಟಿದ ಒಂದು ಅಕ್ಕಿ ಒಟ್ಟಿ, ತುಪ್ಪ ಲೆಕ್ಕಕ್ಕೆ ಸೇರಿಸದೆ, 150 ಕ್ಯಾಲೊರಿ. ಮೂರು ತಿನ್ನುವವರು ಎರಡಕ್ಕೆ ನಿಂತರೆ ತಿಂಗಳಿಗೆ 4500 ಉಳಿಯುತ್ತದೆ, ಕಾಗದದ ಮೇಲೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಆದರೆ ಪಲ್ಯದಿಂದ ಬರುವ ಕ್ಯಾಲೊರಿಯನ್ನೂ ಅದರಲ್ಲಿ ಕಳೆಯಬೇಕು. ಪಲ್ಯ ಹೊಸದಾಗಿ ಸೇರಿದ್ದಾದರೆ ಬೇಳೆ ಸಹಿತ 150 ಆ ಒಂದು ಒಟ್ಟಿಯನ್ನೇ ಸರಿಗಟ್ಟುತ್ತದೆ; 270ರ ಪಲ್ಯದ ಜಾಗಕ್ಕೆ ಬಂದರಷ್ಟೇ ಉಳಿತಾಯ. ಮೂರು ಒಟ್ಟಿಯ ಜೊತೆಗೆ ಪಲ್ಯವೂ ಇರಲಿ ಅಂದರೆ ತೂಕ ಏರುವುದೇ ಹೊರತು ಇಳಿಯದು.

ಮಳೆಗಾಲದಲ್ಲಿ ಕೊಡಗಿಗೆ ಸೊಪ್ಪಿನ ಬರವಿಲ್ಲ. ತೋಡಿನ ಬದಿಯ ಕೆಸು ಸಿಕ್ಕರೆ ಎಳೆಯ ಎಲೆ, ಎಳೆಯ ದಂಟು ಮಾತ್ರ ತೆಗೆಯಿರಿ. ಕೈಗೆ ಎಣ್ಣೆ ಸವರಿಕೊಂಡು ನಾರು ಎಳೆದು, ಹುಣಸೆ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಇಪ್ಪತ್ತೈದು ನಿಮಿಷ ಮೆತ್ತಗಾಗುವವರೆಗೆ ಬೇಯಿಸಿ, ಕೊನೆಗೆ ಅರ್ಧ ಚಮಚ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಕಪ್ಪು ಹುಳಿ). ಗಂಟಲು ಕೆರೆಯುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಕೆರೆದರೆ ಬೇಯುವುದು ಸಾಲದು ಎಂದೇ ತಿಳಿಯಿರಿ. ಪತ್ರೊಡೆಯನ್ನು ಮಾತ್ರ ಸೊಪ್ಪಿನ ಲೆಕ್ಕಕ್ಕೆ ಹಾಕಬೇಡಿ, ಅದು ಎಲೆ ಸುತ್ತಿದ ಅಕ್ಕಿ. ತೆರ್ಮೆ ತೊಪ್ಪು, ಅಂದರೆ ತಿನ್ನುವ ಜರಿಗಿಡದ ಚಿಗುರು, ಕೊಯ್ಯುವಾಗ ಸುರುಳಿ ಬಿಚ್ಚದ, ಬೆರಳಲ್ಲಿ ಪಟ್ಟನೆ ಮುರಿಯುವ ತುದಿಯಷ್ಟೇ ತೆಗೆಯಬೇಕು. ಕಂದು ನವಿರು ಉಜ್ಜಿ ತೊಳೆದು, ಉಪ್ಪುನೀರಿನಲ್ಲಿ ಹದಿನೈದು ನಿಮಿಷ ಕುದಿಸಿ ಬಸಿದ ಮೇಲೆಯೇ ಒಗ್ಗರಣೆ. ಹಸಿ ಬೇಡ. ಗುರುತು ಗೊತ್ತಿಲ್ಲದವರು ತಾವೇ ಕೊಯ್ಯಲೂ ಬೇಡ. ಎಲ್ಲ ಜರಿಯೂ ತಿನ್ನುವ ಜರಿಯಲ್ಲ. ಕೊಡವ ತಿಂಗಳು ಕಕ್ಕಡದ ಹದಿನೆಂಟನೇ ದಿನ ಕೊಯ್ಯುವ ಮದ್ದು ತೊಪ್ಪಿನ (ಮದ್ದುಸೊಪ್ಪಿನ) ರಸ ಬೆಲ್ಲ, ಕಾಯಿ ಸೇರಿ ಪಾಯಸವಾಗುತ್ತದೆ. ವರ್ಷಕ್ಕೊಮ್ಮೆಯ ಆ ಪಾಯಸದ ಮುಂದೆ ಕ್ಯಾಲೊರಿ ಮಾತು ಎತ್ತದಿರುವುದೇ ಲೇಸು.

ತೋಟದೊಳಗಿನ ಸೊಪ್ಪಿಗೆ ಇನ್ನೊಂದು ಎಚ್ಚರಿಕೆ. ಕಾಫಿ, ಮೆಣಸಿಗೆ ಬೋರ್ಡೋ ದ್ರಾವಣ ಹೊಡೆದ ಸಾಲಿನ ಕೆಳಗೆ ಎಲೆಗಳ ಮೇಲೆ ಮೈಲುತುತ್ತಿನ ನೀಲಿ ಕಲೆ ಕಾಣುತ್ತದೆ. ಕಳೆನಾಶಕದ ಕಲೆ ಕಾಣುವುದೂ ಇಲ್ಲ. ಸಿಂಪಡಣೆ ಯಾವಾಗ ಆಯಿತು ಎಂದು ತೋಟದವರನ್ನು ಕೇಳದೆ ಕೊಯ್ಯಬೇಡಿ. ಅದಕ್ಕಿಂತ ಮಡಿಕೇರಿಯ ಶುಕ್ರವಾರದ ಸಂತೆ ಮೇಲು. ತಂದ ಸೊಪ್ಪನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ತಡೆಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಹೊರಗಿಟ್ಟರೆ ಒಂದೇ ರಾತ್ರಿಗೆ ಕೊಳೆ.

ಹಸಿರು ಜ್ಯೂಸು ನನಗೆ ಒಪ್ಪಿಗೆಯಿಲ್ಲ. ಸೋಸಿದರೆ ನಾರು ಹೋಯಿತು, ಗಟಗಟ ಕುಡಿದರೆ ಅಗಿಯುವ ಕೆಲಸವೂ ಹೋಯಿತು, ಹೊಟ್ಟೆ ತುಂಬುವುದಿಲ್ಲ. ಪಾಲಕ್, ಹರಿವೆಯ ಹಸಿ ರಸದಲ್ಲಿ ಆಕ್ಸಲೇಟು ಧಾರಾಳವಾಗಿ ಒಳಗೆ ಹೋಗುತ್ತದೆ. ಕುದಿಸಿ ನೀರು ಚೆಲ್ಲಿದರೆ ಅದರಲ್ಲಿ ಒಂದಷ್ಟು ಹೊರಗೆ ಹೋಗುತ್ತದೆ. ಮೂತ್ರಪಿಂಡದ ಕಲ್ಲಿನವರು ಈ ರಸದ ತಂಟೆಗೇ ಹೋಗಬಾರದು. ಮನೆ ಹಿತ್ತಲಿನ ಚಕ್ರಮುನಿ ಬಗ್ಗೆಯಂತೂ ಒತ್ತಿ ಹೇಳಬೇಕು. 1994–95ರಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದೇ ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಇನ್ನೂರಕ್ಕೂ ಹೆಚ್ಚು ಮಂದಿಯ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಕೊಂಡವು. ಆ ಹಾನಿ ಹಿಂತಿರುಗಲಿಲ್ಲ, ಕೆಲವರಿಗೆ ಶ್ವಾಸಕೋಶ ಕಸಿಯೇ ಬೇಕಾಯಿತು. ಅಡುಗೆಯಲ್ಲಿ ಬೇಯಿಸಿದ ಒಂದು ಹಿಡಿ ಬೇರೆ, ಲೋಟ ಲೋಟ ರಸ ಬೇರೆ.

ಕಾಚಂಪುಳಿಗೂ ತೂಕ ಇಳಿಸುತ್ತದೆ ಅನ್ನುವ ಹೆಸರು ಅಂಟಿಕೊಂಡಿದೆ. ಅದರ ಹಣ್ಣಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೇ ಪೇಟೆಯ ಗಾರ್ಸಿನಿಯಾ ಮಾತ್ರೆಗಳಲ್ಲಿರುವುದು. 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 135 ಜನ 12 ವಾರ ನೋಡಿದರೂ ಹುಸಿ ಮಾತ್ರೆಗಿಂತ ಹೆಚ್ಚಿನ ಇಳಿಕೆ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಪಂದಿಕರಿಗೂ ಕೆಸುವಿಗೂ ಹಾಕುವಷ್ಟು ಹುಳಿ ಸಾಕು.

ಊಟವಾದ ಕೂಡಲೇ ಕಾಫಿ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಡಿ, ಪಲ್ಯಕ್ಕೆ ನಿಂಬೆರಸ ಹಿಂಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಲೂ ಬಾರದು, ನಿಲ್ಲಿಸಲೂ ಬಾರದು. ಅದರ ಕೆ ಜೀವಸತ್ವ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ, ವೈದ್ಯರಿಗೆ ಹೇಳಿಯೇ ಬದಲಿಸಬೇಕು. ಉಳಿದವರು ಮೊದಲ ವಾರ ಅರ್ಧ ಬಟ್ಟಲಿನಿಂದ ಶುರುಮಾಡಿ. ಒಮ್ಮೆಲೇ ನಾರು ಹೆಚ್ಚಿದರೆ ಹೊಟ್ಟೆ ಉಬ್ಬರಿಸುತ್ತದೆ, ತಕ್ಕಡಿಯೂ ಅರ್ಧ ಕಿಲೋ ಹೆಚ್ಚು ತೋರಿಸೀತು. ಅದು ಕರುಳಿನಲ್ಲಿರುವ ನಾರು ಮತ್ತು ನೀರು, ಕೊಬ್ಬಲ್ಲ. ಬೆಳಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು ತೂಗಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ನಾಲ್ಕು ವಾರವಾದರೂ ಅಲುಗದಿದ್ದರೆ ಸೊಪ್ಪು ಬದಲಿಸಬೇಡಿ, ಎಣ್ಣೆಯ ಚಮಚ ಮತ್ತು ಒಟ್ಟಿಯ ಎಣಿಕೆ ನೋಡಿ.