ಆ ಹುಡುಗ ಏನ್ ಮಾಡಿದ್ದ, ಗುರೂಜಿ?

ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ನಾನು ಒಂಬತ್ತನೆಯವರಿಗೆ ಪಾಠ ಹೇಳುತ್ತೇನೆ. ಇಂಗ್ಲೆಂಡಿನ ಹಳೆಯ ಕಥೆಗಳ ಕಾಡುಗಳ್ಳ ರಾಬಿನ್ ಹುಡ್‌ನ ಕಥೆಯನ್ನು ಬಹಳ ವರ್ಷ ಎಲ್ಲರಂತೆಯೇ ಹೇಳಿದೆ: ಉಳ್ಳವರಿಂದ ಕಸಿದ, ಇಲ್ಲದವರಿಗೆ ಹಂಚಿದ. ಕೊನೆಗೆ "ಸರಿಯೋ ತಪ್ಪೋ?" ಎಂದು ಕೇಳುತ್ತಿದ್ದೆ. ಅರ್ಧ ಮಕ್ಕಳು ಸರಿ ಅನ್ನುತ್ತಿದ್ದರು, ಅರ್ಧ ತಪ್ಪು ಅನ್ನುತ್ತಿದ್ದರು, ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕಥೆಯೊಳಗೆ ಯಾರೂ ಇಳಿದಿರುತ್ತಿರಲಿಲ್ಲ, ನಾನೂ ಸಹ.

ಹೋದ ವರ್ಷ ಹಳೆಯ ಲಾವಣಿಗಳನ್ನೇ ಓದಿ, ಕನ್ನಡದಲ್ಲಿ ಸಾರ ಬರೆದುಕೊಂಡು ಹೋದೆ. ಹಲಗೆಯ ಮೇಲೆ ಮೂರು ಮನೆ ಹಾಕಿದೆ: ಯಾರಿಂದ ತಗೊಂಡ, ಯಾರಿಗೆ ಕೊಟ್ಟ, ಪೆಟ್ಟು ಯಾರಿಗೆ ಬಿತ್ತು. ಮೂರೂ ತುಂಬುವವರೆಗೆ ಯಾರೂ ತೀರ್ಪು ಹೇಳುವಂತಿಲ್ಲ.

ಎರಡನೆಯ ಮನೆಯಲ್ಲೇ ತಡೆ ಬಂತು. 1500ರ ಸುಮಾರಿಗೆ ಅಚ್ಚಾದ ದೀರ್ಘ ಲಾವಣಿಯಲ್ಲಿ ರಾಬಿನ್ ದೊಡ್ಡ ಗಂಟು ಕೊಡುವುದು ಬಡವನಿಗಲ್ಲ, ಜಮೀನಿದ್ದ ನೈಟ್ (ಕುದುರೆ ಏರಿ ಕಾದುವ ಸರದಾರ) ಒಬ್ಬನಿಗೆ. ಕೊಲೆ ಮಾಡಿದ ಮಗನನ್ನು ಉಳಿಸಿಕೊಳ್ಳಲು ಅವನು ಯಾರ್ಕ್‌ನ ಮಠಕ್ಕೆ ಭೂಮಿ ಒತ್ತೆ ಇಟ್ಟಿದ್ದಾನೆ, ಬಿಡಿಸಿಕೊಳ್ಳಲು 400 ಪೌಂಡ್ ಬೇಕು. ಕೈಯಲ್ಲಿರುವುದು ಹತ್ತೇ ಶಿಲ್ಲಿಂಗ್ ಅನ್ನುತ್ತಾನೆ. ರಾಬಿನ್‌ನ ಬಲಗೈಯಂತಿದ್ದ ಲಿಟಲ್ ಜಾನ್ ಮೇಲಂಗಿ ಹಾಸಿ ಎಣಿಸಿದರೆ ಮಾತು ನಿಜ, ಸಾಲ ಸಿಗುತ್ತದೆ. ಮುಂದೆ ಅದೇ ಮಠದ ಸನ್ಯಾಸಿ ಸಿಕ್ಕಿಬಿದ್ದು 20 ಮಾರ್ಕ್ (ಸುಮಾರು 13 ಪೌಂಡ್) ಮಾತ್ರ ಇದೆ ಅನ್ನುತ್ತಾನೆ. ಎಣಿಸಿದರೆ 800 ಪೌಂಡ್‌ಗೂ ಮೇಲು! ಅಷ್ಟೂ ಹೋಯಿತು. ಬಡವ-ಬಲ್ಲಿದ ಎನ್ನುವುದಕ್ಕಿಂತ ದಿಟ-ಸಟೆಯ ಲೆಕ್ಕವೇ ಇಲ್ಲಿ ಗಟ್ಟಿ ಎಂದು ಮಕ್ಕಳೇ ಕಂಡುಕೊಂಡರು. ನೇಗಿಲು ಹೊಡೆಯುವ ರೈತನ ತಂಟೆಗೆ ಹೋಗಬೇಡಿ ಎಂದು ರಾಬಿನ್ ತನ್ನವರಿಗೆ ಹೇಳುವ ಮಾತು ಒಕ್ಕಲು ಮನೆಯ ನಮ್ಮ ಹುಡುಗರಿಗೆ ಬಹಳ ಹಿಡಿಸಿತು.

ಮೂರನೆಯ ಮನೆಗೆ ಇನ್ನೊಂದು ಲಾವಣಿ ತೆಗೆದೆ, 15ನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದದ್ದು. ಪಂದ್ಯದ ಐದು ಶಿಲ್ಲಿಂಗ್‌ಗಾಗಿ ಜಗಳವಾಗಿ ರಾಬಿನ್ ಜಾನ್‌ನನ್ನು ಹೊಡೆಯುತ್ತಾನೆ. ಒಬ್ಬನೇ ನಾಟಿಂಗ್‌ಹ್ಯಾಮ್‌ನ ಚರ್ಚಿಗೆ ಹೋಗಿ, ಒಬ್ಬ ಸನ್ಯಾಸಿ ಗುರುತಿಸಿದ್ದರಿಂದ ಸೆರೆಯಾಗುತ್ತಾನೆ. ಪೆಟ್ಟು ತಿಂದ ಜಾನ್‌ನೇ ಅವನನ್ನು ಬಿಡಿಸಲು ಹೊರಡುತ್ತಾನೆ. ದಾರಿಯಲ್ಲಿ ರಾಜನಿಗೆ ಓಲೆ ಒಯ್ಯುತ್ತಿದ್ದ ಆ ಸನ್ಯಾಸಿಯನ್ನು ಜಾನ್ ಕೊಲ್ಲುತ್ತಾನೆ. ಸನ್ಯಾಸಿಯ ಜೊತೆಗಿದ್ದ ಚಿಕ್ಕ ಆಳುಹುಡುಗನನ್ನು ಜಾನ್‌ನ ಸಂಗಡ ಬಂದಿದ್ದ, ರಾಬಿನ್‌ನ ಗುಂಪಿನವನೇ ಆದ ಮಚ್ ಕೊಲ್ಲುತ್ತಾನೆ, ಎಲ್ಲಿಯಾದರೂ ಬಾಯಿ ಬಿಟ್ಟಾನು ಎಂದು.

ಮೊದಲಾಗಿದ್ದರೆ ಇದನ್ನು ಮಕ್ಕಳಿಗೆ ಬೇಡ ಎಂದು ಹಾರಿಸುತ್ತಿದ್ದೆ. ಹಾರಿಸಿದರೆ ಜಾನ್‌ನ ನಿಷ್ಠೆ ಮಾತ್ರ ಉಳಿಯುತ್ತದೆ, ಅದಕ್ಕೆ ತೆತ್ತದ್ದು ಮಾಯವಾಗುತ್ತದೆ. ಅದು ಕಥೆಗೂ ಮೋಸ, ಮಕ್ಕಳಿಗೂ ಮೋಸ. ಓದಿ ಮುಗಿಸಿದಾಗ ತರಗತಿ ತಣ್ಣಗಾಯಿತು.

"ಆ ಹುಡುಗ ಏನ್ ಮಾಡಿದ್ದ, ಗುರೂಜಿ?" ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಏನೂ ಇಲ್ಲವ್ವಾ. ಕುದುರಿ ಮ್ಯಾಲ ಜೊತಿಗೆ ಬಂದಿದ್ದ."

"ಹಂಗಿದ್ರ ಮಚ್ ನಮ್ಮ ಲೆಕ್ಕದಾಗ ವೀರ ಅಲ್ಲ," ಅಂದಳು. ಜಾನ್‌ನ ಬಗ್ಗೆ ಮಾತ್ರ ವಾದ ಎರಡು ದಿನ ನಡೆಯಿತು. ಸ್ವಾಮಿನಿಷ್ಠೆ ದೊಡ್ಡದು, ಆದರೆ ಜೊತೆಯವನ ಕೈ ಯಾಕೆ ಹಿಡಿಯಲಿಲ್ಲ ಎಂಬಲ್ಲಿಗೆ ಬಹುಮಂದಿ ಬಂದು ನಿಂತರು. ನನ್ನ ಅಭಿಪ್ರಾಯವೂ ಅದೇ.

ಮೂರನೆಯ ದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ನಮ್ಮ ಸಿಂಧೂರ ಲಕ್ಷ್ಮಣಗೂ ಹಿಂಗ ಮೂರು ಮನಿ ಹಾಕಬಹುದೇನ್ರಿ?" ನನಗೆ ಎದೆ ಝಲ್ಲೆಂದಿತು. ಸಿಂಧೂರ ನಮ್ಮದೇ ತಾಲೂಕಿನ ಊರು. ಬ್ರಿಟಿಷರಿಗೆ ತಿರುಗಿಬಿದ್ದ ಲಕ್ಷ್ಮಣನ ನಾಟಕ ನೋಡಿ ಬೆಳೆದವನು ನಾನು. ದೂರದ ಇಂಗ್ಲೆಂಡಿನ ವೀರನನ್ನು ತೂಗಿದಷ್ಟು ಸುಲಭವಲ್ಲ ಇದು. ಆದರೂ ಹಾಕಬಾರದು ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. "ಹಾಕೋಣು. ಖರೆ, ನಾಟಕದಾಗ ನೋಡಿದ್ದು ಬರೀಬ್ಯಾಡ್ರಿ. ಮನ್ಯಾಗ ಹಿರ್ಯಾರನ್ನ ಕೇಳಿಕೊಂಡು ಬರ್ರಿ, ಯಾರು ಹೇಳಿದ್ರು ಅಂತನೂ ಬರೀರಿ," ಅಂದೆ.

ಈಗ ಮೊದಲ ಎರಡು ಮನೆ ತುಂಬಿವೆ, ಒಂದಕ್ಕೊಂದು ತಾಳೆಯಾಗದ ಮಾತುಗಳೂ ಸೇರಿ. ಮೂರನೆಯದರಲ್ಲಿ ಬರೆದ ಮೊದಲ ಸಾಲು ಆ ಹುಡುಗಿಯ ಅಜ್ಜಿಯದು: "ಪೊಲೀಸರು ಬಂದಾಗ ಹೊಡ್ತಾ ತಿಂದವರು ಊರ ಮಂದಿ."